ಸಾಹೇಬರ ಸೊಟ್ಟ ರ‍್ಯಾಕೆಟ್ಟು

ಬೆಳಕೆ ಎಂಬ ಕಡಲ ಊರಿನಲ್ಲಿ ಬಲೆ ಎಳೆಯುವವರ ಮನೆಯಲ್ಲಿ ಹುಟ್ಟಿ ಬಿ.ಎ. ಮುಗಿಸಿದವನು ನಾನು. ನಮ್ಮ ಮನೆತನದಲ್ಲಿ ನಾನೇ ಮೊದಲಿಗ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಉಪವಾಸ ಬಿದ್ದು ಓದಿದ್ದು. ಯುದ್ಧದ ವರ್ಷಗಳಲ್ಲಿ ಕುಮಟೆಯ ಸರಕಾರಿ ಕಚೇರಿಯಲ್ಲಿ ಹಂಗಾಮಿ ಕಾರಕೂನನಾಗಿದ್ದೆ. ಸಂಜೆ ಅಧಿಕಾರಿಗಳ ಟೆನಿಸ್ ಕ್ಲಬ್ಬಿನ ಸಾಮಾನು ನೋಡಿಕೊಳ್ಳುವುದೂ ನನ್ನ ಪಾಲಿಗೇ ಬಿದ್ದಿತ್ತು. ಕೆಲಸ ಕಾಯಂ ಆಗಬೇಕಾದರೆ ಊರಿನ ದೊಡ್ಡವರೊಬ್ಬರಿಂದ ನಡತೆಯ ಸರ್ಟಿಫಿಕೇಟು ಬೇಕು. ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ವಕೀಲರು ಕೊಡುವುದಾಗಿ ಒಪ್ಪಿದ್ದರು.

ಮಳೆಗಾಲಕ್ಕೆ ಮೊದಲು ಇಂಗ್ಲಿಷ್ ಸಾಹೇಬರೊಬ್ಬರು ಸೈನ್ಯಕ್ಕೆ ಹೊರಡುವಾಗ, ಬಟ್ಟೆಯಲ್ಲಿ ಹಾಕಿ ಹೊಲಿದ ರ‍್ಯಾಕೆಟ್ಟೊಂದನ್ನು ಕ್ಲಬ್ಬಿನಲ್ಲಿ ಬಿಟ್ಟುಹೋದರು. ಅಜ್ಜನದು, ಜೋಪಾನ ಎಂದಷ್ಟೇ ಹೇಳಿದ್ದರು. ನಮ್ಮ ಕರಾವಳಿಯ ಮಳೆಗೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ರ‍್ಯಾಕೆಟ್ಟು ಯಾವ ಲೆಕ್ಕ? ಕ್ಲಬ್ಬಿನವನ್ನೆಲ್ಲ ಸೊಟ್ಟಗಾಗದಂತೆ ಮರದ ಪಟ್ಟಿಗಳ ನಡುವೆ ಸ್ಕ್ರೂ ಬಿಗಿದು ಅಲ್ಲಿನ ಚಹಾದ ಒಲೆಯ ಮೇಲಿನ ಅಟ್ಟಕ್ಕೇರಿಸಿದ್ದೆ. ಸಾಹೇಬರದನ್ನು ಬಿಚ್ಚದೆ ಹಾಗೇ ಅಲ್ಲಿಟ್ಟಿದ್ದೆ.

ಮಳೆ ಮುಗಿದ ಮೇಲೆ ವಕೀಲರೇ ಹೊಲಿಗೆ ಬಿಡಿಸಿದರು. ಉದ್ದ ಹಿಡಿ, ಸಣ್ಣ ತಲೆ. ತಲೆ ಒಂದು ಬದಿಗೆ ವಾಲಿತ್ತು.

“ಎಂತದಾ ಇದು?” ಎಂದರು. “ಥಂಡಿ ಹಿಡ್ಸಿ ಸೊಟ್ಟ ಮಾಡಿದ್ಯಾ? ಅಲ್ಲ, ಒಳ್ಳೇದನ್ನ ಮಾರಿ ಇದನ್ನ ಹೊಲ್ದಿಟ್ರಾ ಬಿ.ಎ. ಸಾಹೇಬ್ರು?”

ಸರ್ಟಿಫಿಕೇಟಿನ ಮಾತು ಅಲ್ಲಿಗೆ ನಿಂತಿತು. ಯಾರೋ ಬದಲಿಸಿದ್ದಾರೆಂದು ನನಗೂ ಅನುಮಾನವಿತ್ತು. ಅವರ ಮಗ ರಜೆಯಲ್ಲಿ ಬಂದವನು ಕ್ಲಬ್ಬಿನಲ್ಲೇ ಅಡ್ಡಾಡಿದ್ದ. ಆದರೆ ಬಲೆಯವನ ಮಗನನ್ನು ಕಳ್ಳನೆಂದಷ್ಟು ಸುಲಭವಾಗಿ ವಕೀಲರ ಮಗನನ್ನು ಯಾರು ಅನ್ನುತ್ತಾರೆ?

ನೇರ ಮಾಡಿಸಿ ತರುತ್ತೇನೆಂದೆ. ಮರಳಿ ತರುವೆನೆಂದು ಚೀಟಿ ಬರೆಸಿಕೊಂಡೇ ಕೊಟ್ಟರು. ಭಾನುವಾರ ಹೊನ್ನಾವರಕ್ಕೆ ಹೋಗಿ, ಹೊಳೆದಂಡೆಯಲ್ಲಿ ದೋಣಿ ಕಟ್ಟುವ ಮುದುಕ ಆಚಾರಿಯ ಕೈಗಿಟ್ಟೆ. ಆತ ಅದನ್ನು ಹಲಗೆಯ ಮೇಲೆ ಮಲಗಿಸಿ ನೋಡಿ, ಬೆರಳಿನಿಂದ ಸವರಿ, ತಿರುಗಿ ಕೊಟ್ಟ.

“ಥಂಡಿ ಹಿಡ್ದ ಮರ ತಿರುಚ್ತದೆ ತಮಾ. ಇದು ಮಟ್ಟಸ ಕೂರ್ತದೆ ನೋಡು. ಕಾಯ್ಸಿ ಬಗ್ಸಿದ್ದು ಇದು, ನಾವು ದೋಣಿ ಹಲಗೆ ಬಗ್ಸೂ ಹಾಂಗೆ. ನೇರ ಮಾಡೂಕೆ ಹೋದ್ರೆ ಮುರೀತದೆ.”

ಕೈಲಾಗದ್ದಕ್ಕೆ ನೆಪ ಹೇಳುತ್ತಿದ್ದಾನೆ ಎಂದುಕೊಂಡೆ. ಅಕ್ಷರ ಬಾರದವನ ಮಾತನ್ನು ಬಿ.ಎ. ಆದವನು ನಂಬುವುದೆಂತು? ಮರುದಿನ ಹೈಸ್ಕೂಲಿನ ಕಪಾಟಿನಿಂದ ಇಂಗ್ಲಿಷ್ ವಿಶ್ವಕೋಶ ತೆಗೆಸಿದೆ. ಟೆನಿಸ್ ಎಂಬಲ್ಲಿ ಚಿತ್ರವೇ ಇತ್ತು: ಅದೇ ಉದ್ದ ಹಿಡಿ, ಅದೇ ವಾಲಿದ ತಲೆ. ಹುಲ್ಲಿನ ಮೇಲೆ ನಾವು ಕಂಡ ಟೆನಿಸ್ ನಿನ್ನೆ ಮೊನ್ನೆಯದಂತೆ. ಅದಕ್ಕೂ ನೂರಾರು ವರ್ಷ ಮೊದಲು ಫ್ರಾನ್ಸಿನ ಸನ್ಯಾಸಿಗಳು ಮಠದ ಅಂಗಳದಲ್ಲಿ ಅಂಗೈಯಿಂದಲೇ ಚೆಂಡು ಹೊಡೆಯುತ್ತಿದ್ದರಂತೆ. ಮೊದಲು ಕೈಗವಸು ಬಂತು, ಆಮೇಲೆ ರ‍್ಯಾಕೆಟ್ಟು. ರಾಜರು ಈ ಆಟಕ್ಕೆಂದೇ ಗೋಡೆ ಸುತ್ತಿದ ದೊಡ್ಡ ಚಾವಡಿಗಳನ್ನು ಕಟ್ಟಿಸಿದರು. ಒಳಗೆ ಗೋಡೆಗೆ ತಾಗಿ ಇಳಿಜಾರಾದ ಸೂರಿನಂಥ ಮಾಡು, ಮೊದಲ ಹೊಡೆತದ ಚೆಂಡು ಆ ಮಾಡಿನ ಮೇಲೆ ಉರುಳಿಯೇ ಬರಬೇಕು. ಚೆಂಡು ಚಿಂದಿ ಸುತ್ತಿ ಮಾಡಿದ್ದು, ಹೆಚ್ಚು ಪುಟಿಯುವುದಿಲ್ಲ. ನೆಲಕ್ಕೆ, ಮೂಲೆಗೆ ಅಂಟಿದ ಚೆಂಡನ್ನು ಎತ್ತಲಿಕ್ಕೆಂದೇ ರ‍್ಯಾಕೆಟ್ಟಿನ ತಲೆಯನ್ನು ಬಗ್ಗಿಸುತ್ತಿದ್ದರು.

ಆಚಾರಿಯನ್ನು ನೆನೆದು ನಾಚಿಕೆಯಾಯಿತು. ವಕೀಲರ ಮಗನ ಮೇಲಿನ ಅನುಮಾನವನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಪುಣ್ಯ.

ಪುಸ್ತಕವನ್ನೂ ರ‍್ಯಾಕೆಟ್ಟನ್ನೂ ವಕೀಲರ ಮುಂದಿಟ್ಟು ಓದಿ ಹೇಳಿದೆ. ಅವರು ಕನ್ನಡಕ ಏರಿಸಿ ತಾವೇ ಮತ್ತೊಮ್ಮೆ ಓದಿದರು. ಹಾಳೆ ಬೇರೆಲ್ಲಿಂದಲೋ ತಂದು ಅಂಟಿಸಿದ್ದೇನೋ ಎಂದು ಪುಸ್ತಕದ ಬೆನ್ನನ್ನು ಉಗುರಿನಿಂದ ಕೆದಕಿದರು. ರ‍್ಯಾಕೆಟ್ಟನ್ನು ಚಿತ್ರದ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

“ಮಾಡಿನ ಮೇಲೆ ಚೆಂಡು ಉರುಳ್ಸೂ ರಾಜ್ರು,” ಎಂದು ಗೊಣಗಿದರು. “ಆತು. ಕಾಗ್ದ ತಾ.”

ಆದರೂ ನಾನು ಪ್ರಾಮಾಣಿಕನೆಂದು ಬರೆಯಲು ಅವರಿಗೆ ಕೈ ಬರಲಿಲ್ಲ. ಈತನ ವಶದಲ್ಲಿದ್ದ ರ‍್ಯಾಕೆಟ್ಟು ಸೊಟ್ಟಗಿದೆ, ಮೊದಲಿನಿಂದಲೂ ಹಾಗೇ ಇತ್ತೆಂದು ತಿಳಿದುಬಂದಿದೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. ಕಚೇರಿಯ ಹಿರಿಯ ಕಾರಕೂನರು ಅದನ್ನು ಎರಡು ಸಲ ಓದಿದರು, ನನ್ನ ಮುಖ ನೋಡಿದರು, ಕೆಳಗೆ ವಕೀಲರ ಸಹಿ ಇದ್ದುದರಿಂದ ಫೈಲಿಗೆ ಸೇರಿಸಿದರು. ಕೆಲಸ ಕಾಯಂ ಆಯಿತು.