ನುಂಗದ ತುತ್ತು

ನನ್ನ ತಂಗಿಯನ್ನು ಗಂಡನ ಮನೆಗೆ ಮರಳಿ ಕಳಿಸಲು ನಮ್ಮ ಕಾಕಾ ಆರಿಸಿಕೊಂಡ ದಾರಿ ಊಟದ್ದು. ಬೆಳಿಗ್ಗೆ ಹುಕ್ಕೇರಿಯಲ್ಲಿ ಅಳಿಯನ ಜೊತೆ ನಾಷ್ಟಾ, ಮಧ್ಯಾಹ್ನ ಮೂಡಲಗಿಯ ಚಿಗವ್ವನ ಮನೆಯಲ್ಲಿ ಊಟ, ಸಂಜೆ ಗೋಕಾಕದಲ್ಲಿ ಕರದಂಟು ಕಟ್ಟಿಸಿ ಇಬ್ಬರನ್ನೂ ಕಳಿಸಿಕೊಡುವುದು. ಜಮಖಾನೆ ಹಾಸಿ ಹಿರಿಯರನ್ನು ಕೂಡಿಸಿದರೆ ಮಾತು ಬೆಳೆಯುತ್ತದೆ, ಮುಂದೆ ತಾಟು ಇದ್ದರೆ ಯಾರೂ ಜಗಳ ತೆಗೆಯುವುದಿಲ್ಲ ಎಂಬುದು ಅವರ ನಂಬಿಕೆ.

ತಂಗಿ ಗೋಕಾಕದ ನಮ್ಮ ಮನೆಗೆ ಬಂದಾಗ ಅವಳ ಎಡ ಮುಂಗೈ ಮುರಿದಿತ್ತು. ಗಂಡ ಅವಳ ಕೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ನೂಕಿದ್ದ. ಓಣಿಯವರಿಗೆ ಬಚ್ಚಲಲ್ಲಿ ಜಾರಿ ಬಿದ್ದಳೆಂದು ಹೇಳಿದೆವು. ದವಾಖಾನೆಗೆ ಹೋದರೆ ಪ್ರಶ್ನೆ ಕೇಳುತ್ತಾರೆಂದು ಎಲುಬು ಕಟ್ಟುವವರ ಹತ್ತಿರ ಕಟ್ಟಿಸಿದೆವು. ಎಲುಬು ಸೊಟ್ಟಗೆ ಕೂಡಿತು.

ನಮ್ಮ ಬಳಗದಲ್ಲಿ ಗಂಡ ಹೆಂಡಿರ ಜಗಳ ಬಗೆಹರಿಸುವುದಕ್ಕೆ ಒಂದು ಪದ್ಧತಿ ಇದೆ. ಇಬ್ಬರನ್ನೂ ಒಂದೇ ತಾಟಿಗೆ ಕೂಡಿಸುತ್ತಾರೆ. ಗಂಡ ಹೆಂಡತಿಯ ಬಾಯಿಗೆ ಒಂದು ತುತ್ತು ಇಡುತ್ತಾನೆ. ಅವಳು ಅದನ್ನು ನುಂಗಿದಳೆಂದರೆ ಹಿಂದಿನದೆಲ್ಲ ಮುಗಿದಂತೆ. ಆಮೇಲೆ ಆ ಜಗಳದ ಮಾತು ಯಾರು ಎತ್ತುತ್ತಾರೋ ಅವರದೇ ತಪ್ಪು. ಹೊರಡುವ ಮುಂಚೆ ತಂಗಿ ಅಡುಗೆಮನೆಯಲ್ಲಿ ನನ್ನನ್ನು ಕೇಳಿದಳು: "ಅಣ್ಣಾ, ಅದನ್ನ ನುಂಗಿದ್ರ ಈ ಕೈ ಯಾರು ಮುರದ್ರು ಅಂತ ಮುಂದ ಹೇಳಾಕ ಬರಂಗಿಲ್ಲ, ಹೌದಿಲ್ಲೊ?"

ಹೌದು ಎಂದೆ.

ಹುಕ್ಕೇರಿಯ ಹೋಟೆಲಿಗೆ ಅವಳ ಗಂಡ ತನ್ನ ಅಣ್ಣನನ್ನು ಕರೆದುಕೊಂಡು ಬಂದಿದ್ದ. ಬೆಲ್ಲದ ಬಾಗೇವಾಡಿಯಿಂದ ಹೊಸ ಕಾರಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ನಮ್ಮ ಕಡೆಯಿಂದ ಕಾಕಾ, ತಂಗಿ, ನಾನು ಮತ್ತು ನನ್ನ ಗೆಳೆಯ. ಗೆಳೆಯ ಕುರಿ ಸಾಕುವ ಮನೆತನದವನು, ಜೀಪು ಅವನದು. ಪೂರಿ ಬಾಜಿ ಬಂತು. ಚಹಾ ತಂದ ಸಪ್ಲೈಯರನ ಕೈ ಅಲುಗಿ ಬಿಳಿ ಅಂಗಿಯ ತೋಳಿನ ಮೇಲೆ ನಾಲ್ಕು ಹನಿ ಬಿದ್ದವು. ನರೆತ ಮೀಸೆಯ ಮನುಷ್ಯ ಅವನು, ತಪ್ಪಾಯಿತೆಂದು ಹೆಗಲ ಮೇಲಿನ ಅರಿವೆಯಿಂದ ಒರೆಸಲು ಬಾಗಿದ. ಅಳಿಯ ಅವನ ಕೈ ಹಿಡಿದು ಬಿಸಿ ಕಿಟ್ಲಿಯ ಮೈಗೆ ಒತ್ತಿ ಹಿಡಿದ. ಮುಖದಲ್ಲಿ ನಗು ಹಾಗೇ ಇತ್ತು.

"ಸುಡತೈತೇನು?" ಎಂದು ಕೇಳಿದ.

ಸಪ್ಲೈಯರ್ ಕೂಗಲಿಲ್ಲ. ಬಿಟ್ಟ ಮೇಲೆ ಅಂಗೈಯನ್ನು ನೀರಿನ ಗ್ಲಾಸಿನೊಳಗೆ ಅದ್ದಿಕೊಂಡು ಒಳಗೆ ಹೋದ. ಕಾಕಾ ಇನ್ನೊಂದು ಪ್ಲೇಟ್ ಪೂರಿ ತರಿಸಿದರು. ಅಳಿಯಂದಿರು ಹಸಿದಿದ್ದಾರೆ, ಹೊಟ್ಟೆ ಖಾಲಿ ಇದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ ಎಂದರು. ತಂಗಿ ಒಂದು ಪೂರಿಯನ್ನು ಚೂರು ಮಾಡುತ್ತ ಕೂತಿದ್ದಳು. ತಿನ್ನಲಿಲ್ಲ.

ಅಲ್ಲಿಂದ ಮುಂದೆ ಗಂಡ ಹೆಂಡತಿ ಒಂದೇ ಕಾರಿನಲ್ಲಿ ಹೋಗಬೇಕೆಂದು ಕಾಕಾ ಹೇಳಿದರು. ಹಿಂದಿನ ಸೀಟಿನಲ್ಲಿ ಕಾಕಾ ಮತ್ತು ನಾನು. ಅವನ ಅಣ್ಣ ಗೆಳೆಯನ ಜೀಪಿನಲ್ಲಿ. ಅರಭಾವಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಒಂದು ರಸ್ತೆಯ ಬದಿಗೆ ನಿಂತಿತ್ತು. ಅಳಿಯ ಕಾರು ನಿಲ್ಲಿಸಿ, ಟ್ರೇಲರಿನಿಂದ ಒಂದು ಕಬ್ಬು ಹಿರಿದು, ಮೊಣಕಾಲಿಗೆ ಕೊಟ್ಟು ಮುರಿದ. ಆ ಸಪ್ಪಳಕ್ಕೆ ಕಾರಿನೊಳಗಿದ್ದ ತಂಗಿಯ ಎರಡೂ ಕೈ ತಲೆಯ ಮೇಲೆ ಹೋದವು. ಬಸ್ಸಿಗೆ ಕಾಯುತ್ತಿದ್ದ ಕಾಲೇಜಿನ ಹುಡುಗಿಯರು ತಿರುಗಿ ನೋಡಿದರು. ಅವನು ಕಿಟಕಿಯಿಂದ ಒಂದು ತುಂಡು ಅವಳಿಗೆ ಚಾಚಿ, ಇಷ್ಟಕ್ಕೇ ಹೆದರಿದರೆ ಹೇಗೆ ಎಂದು ನಕ್ಕ. ನಮಗೂ ಒಂದೊಂದು ತುಂಡು ಬಂತು. ಕಬ್ಬು ಚೆನ್ನಾಗಿತ್ತು, ಕಾಕಾ ಹಾಗೆಂದರು ಕೂಡ.

ಮೂಡಲಗಿಯ ಚಿಗವ್ವ ಬೆಳಗಿನಿಂದ ಒಲೆಯ ಮುಂದೆ ಇದ್ದಳು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಂದೇ ತಾಟಿಗೆ ಕೂತವರಿಗೆಂದು ಮಾದಲಿ. ಗೋದಿಯನ್ನು ತರಿಯಾಗಿ ಬೀಸಿ ಬೆಲ್ಲ, ಏಲಕ್ಕಿ, ಗಸಗಸೆ ಕೂಡಿಸಿ ಮಾಡುವ ಸಿಹಿ ಅದು. ಬಿಸಿ ಹಾಲು, ತುಪ್ಪ ಸುರಿದು ಕಲಸಿ ಉಣ್ಣಬೇಕು. ಒಣಗಿದ್ದಾಗ ಬಾಯಿಗೆ ಹಾಕಿದರೆ ಗಂಟಲು ಹಿಡಿಯುತ್ತದೆ.

ಹಾಲು ಇನ್ನೂ ಕಾಯುತ್ತಿತ್ತು. ಕಾಕಾ ತುತ್ತು ಇಡಿರಿ ಎಂದರು. ಅಳಿಯ ಬೆರಳ ತುದಿಯಲ್ಲಿ ಸ್ವಲ್ಪ ಮಾದಲಿ ಹಿಡಿದು ಅವಳ ತುಟಿಯ ಹತ್ತಿರ ಒಯ್ದ. ತಂಗಿ ಬಾಯಿ ತೆರೆಯಲಿಲ್ಲ. ತಾಟನ್ನು ನೋಡುತ್ತಿದ್ದಳು. ಚಿಗವ್ವ, ತೆರಿಯವ್ವಾ, ಎಲ್ಲರೂ ಕಾಯುತ್ತಿದ್ದಾರೆ ಎಂದಳು. ಅವನ ಅಣ್ಣ, ನಮ್ಮ ಹುಡುಗನ ಕೈ ಸೋಲುತ್ತದೆ ಎಂದು ಚೇಷ್ಟೆ ಮಾಡಿದ. ಯಾರೋ ನಕ್ಕರು. ಅಷ್ಟರಲ್ಲಿ ಅಳಿಯ ಎಡಗೈಯಲ್ಲಿ ಅವಳ ತುರುಬು ಹಿಡಿದು ತಲೆಯನ್ನು ಹಿಂದಕ್ಕೆ ಜಗ್ಗಿದ. ಬಲಗೈಯಲ್ಲಿ ತಾಟಿನ ಒಣ ಮಾದಲಿಯನ್ನು ಮುಷ್ಟಿ ತುಂಬ ಬಳಿದು ಅವಳ ಬಾಯೊಳಗೆ ತುರುಕಿದ. ಹಲ್ಲಿಗೆ ಉಂಗುರ ಬಡಿದ ಸಪ್ಪಳ ಕೇಳಿಸಿತು. ಅವಳಿಗೆ ಉಸಿರು ಕಟ್ಟಿತು, ಮೂಗಿನಿಂದ ಹಿಟ್ಟು ಸಿಡಿಯಿತು. ಅವನು ಬೆರಳಿನಿಂದ ಇನ್ನೂ ಒಳಗೆ ಒತ್ತಿದ.

ತಂಗಿ ಕಚ್ಚಿದಳು.

ಅವನ ಹೆಬ್ಬೆರಳು ಅವಳ ದವಡೆಯಲ್ಲಿ ಸಿಕ್ಕಿತ್ತು. ಅವನು ತುರುಬು ಬಿಟ್ಟು ಪಕ್ಕದಲ್ಲಿದ್ದ ತಂಬಿಗೆ ಎತ್ತಿ ಅವಳ ಹಣೆಗೆ ಎರಡು ಸಲ ಹೊಡೆದ, ಮತ್ತೆ ಕೂದಲು ಹಿಡಿದ. ರಕ್ತ ಹುಬ್ಬಿನಿಂದ ಇಳಿಯಿತು. ಅವಳು ಬಿಡಲಿಲ್ಲ. ಬಿಡವ್ವಾ, ಬಿಡು ಎಂದು ಕಾಕಾ ಬೇಡಿದ್ದು ಅವಳನ್ನು, ಅವನನ್ನಲ್ಲ. ನನ್ನ ಗೆಳೆಯ ತಾಟು ದಾಟಿ ಬಂದು ಅವನ ಎಡಗೈಯ ಮಣಿಕಟ್ಟು ತಿರುವಿದ. ಟಗರು ಹಿಡಿದು ರೂಢಿಯಾದ ಕೈ ಅದು. ಅಳಿಯನ ಹಿಡಿತದಿಂದ ಕೂದಲು ಬಿಟ್ಟಿತು. ಆಮೇಲೆಯೇ ತಂಗಿ ಹಲ್ಲು ಬಿಟ್ಟಳು, ಬಾಗಿ ಬಾಯಲ್ಲಿದ್ದದ್ದನ್ನೆಲ್ಲ ತಾಟಿಗೆ ಉಗುಳಿದಳು. ಮಾದಲಿ ಕೆಂಪಾಗಿತ್ತು. ಅದರಲ್ಲಿ ಯಾರ ರಕ್ತ ಎಷ್ಟು ಎಂದು ಹೇಳುವಂತಿರಲಿಲ್ಲ. ನಾನು ಎದ್ದು ಅವರಿಬ್ಬರ ನಡುವೆ ನಿಂತೆ. ಆ ಹೊತ್ತಿಗೆ ಮಾಡಲು ಅಷ್ಟೇ ಉಳಿದಿತ್ತು.

ಚಿಗವ್ವ ಒಳಗೆ ಉಕ್ಕಿದ ಹಾಲಿನ ಬೋಗುಣಿ ಇಳಿಸಿ ಬಂದಳು. ಅವನ ಅಣ್ಣ ತಮ್ಮನ ಕೈಗೆ ಟವೆಲ್ ಸುತ್ತುತ್ತಲೇ ಪಂಚಾಯ್ತಿ ಶುರು ಮಾಡಿದ.

"ಆತಲ್ರಿ ಕಾಕಾರ. ತುತ್ತು ಬಾಯಾಗ ಹೋಗೇತಿ. ಹಳೇದು ಮುಗೀತು. ಇನ್ನ ಉಳದದ್ದು ಈಕಿ ಕಡದದ್ದು ಒಂದ."

ಕಾಕಾ ಅದನ್ನು ತೂಗಿ ನೋಡುತ್ತಿದ್ದರು. ಒಪ್ಪಿಬಿಡುತ್ತಾರೆಂದು ನನಗೆ ಅನ್ನಿಸಿತು.

"ನುಂಗಿಲ್ರಿ ನಾ," ಎಂದಳು ತಂಗಿ.

ಹೆಬ್ಬೆರಳಿನ ರಕ್ತ ನಿಲ್ಲಲಿಲ್ಲ. ಗೋಕಾಕಿಗೆ ಹೋಗಲೇಬೇಕಾಯಿತು. ತಂಗಿಯನ್ನು ಗೆಳೆಯನ ಜೀಪಿನಲ್ಲಿ ಕೂಡಿಸಿದೆವು. ಗೋಕಾಕದ ದವಾಖಾನೆಯಲ್ಲಿ ಡಾಕ್ಟರರು ಗಾಯ ತೊಳೆದು, ಏನು ಕಚ್ಚಿತೆಂದು ಕೇಳಿದರು. ಅಳಿಯ ಗೋಡೆಯ ಕಡೆ ನೋಡಿ, ನಾಯಿ ಎಂದ. ಡಾಕ್ಟರರು ಗಾಯವನ್ನು ಇನ್ನೊಮ್ಮೆ ನೋಡಿದರು.

"ಬೀದಿ ನಾಯಿಯೋ, ಸಾಕಿದ್ದೋ?"

ಅವನು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಹಾಗಾದರೆ ನಾಯಿ ಕಡಿತದ ಇಂಜೆಕ್ಷನ್ ಪೂರ್ತಿ ತೆಗೆದುಕೊಳ್ಳಬೇಕಾಗುತ್ತದೆ ಎಂದು ಡಾಕ್ಟರರು ಹೇಳಿದರು. ಅವನು ಆಗಲಿ ಎಂದು ಅಂಗಿಯ ತೋಳು ಮಡಚತೊಡಗಿದ. ಹೆಂಡತಿ ಕಚ್ಚಿದಳು ಎನ್ನುವುದಕ್ಕಿಂತ ಅವನಿಗೆ ಅದು ಸೋವಿ ಕಂಡಿತ್ತು.

ಬಾಗಿಲ ಹೊರಗೆ ಬಾಕಿನ ಮೇಲೆ, ಹಣೆಗೆ ಸೆರಗು ಒತ್ತಿ ಕೂತಿದ್ದ ತಂಗಿ ಎದ್ದು ಒಳಗೆ ಬಂದಳು.

"ನಾಯಿ ಅಲ್ರಿ. ನಾನ ಕಡದೇನಿ."

ಡಾಕ್ಟರರು ಅವಳನ್ನು ಕುರ್ಚಿಯಲ್ಲಿ ಕೂಡಿಸಿ ಹಣೆ ನೋಡಿದರು, ಬಾಯಿ ತೆರೆಸಿದರು. ಒಳತುಟಿ ಹರಿದಿತ್ತು, ಒಂದು ಹಲ್ಲು ಅಲುಗುತ್ತಿತ್ತು. ಕೈ ಹಿಡಿದಾಗ ಮುಂಗೈಯ ಸೊಟ್ಟು ಅವರ ಬೆರಳಿಗೆ ಸಿಕ್ಕಿತು. ಇದು ಹೇಗಾಯಿತೆಂದು ಕೇಳಿದರು. ತಂಗಿ ಬಾಗಿಲು, ಸಂದಿ, ನೂಕಿದವನು, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದಳು. ಅವನ ಅಣ್ಣ ನಡುವೆ ಬಾಯಿ ಹಾಕಿ, ಮುಗಿದ ಮಾತು ಎತ್ತುತ್ತಿದ್ದಾಳೆ, ನೋಡಿರಿ ಎಂದು ಕಾಕಾನ ಕಡೆ ತಿರುಗಿದ. ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದು ಡಾಕ್ಟರರು ಹೇಳಿದರು. ಅವರೂ ಕಾಕಾನ ಮುಖವನ್ನೇ ನೋಡಿದರು. ಕೋಣೆಯಲ್ಲಿ ಹಿರಿಯರು ಅವರೊಬ್ಬರೇ.

ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಿಳಸ್ರಿ," ಎಂದರು. "ಆಕಿ ನುಂಗಿಲ್ಲ. ನಾ ನೋಡೇನಿ."

ಹಣೆಗೆ ಹೊಲಿಗೆ ಹಾಕಿಸಿ, ಪೊಲೀಸರು ಬಂದು ಬರೆದುಕೊಂಡು ಹೋದ ಮೇಲೆ ನಾವು ನಾಲ್ವರೂ ಹೊರಗೆ ಬಂದೆವು. ತಂಗಿ ಹಸಿವಾಗಿದೆ ಎಂದಳು. ಎದುರಿಗಿನ ಹೋಟೆಲಿನಲ್ಲಿ ಮೆತ್ತಗಿನದು ಏನಿದೆ ಎಂದು ಕೇಳಿದರೆ ಶಿರಾ ಇತ್ತು. ಅಲುಗುವ ಹಲ್ಲು ತಪ್ಪಿಸಿ, ಬಲಗಡೆಯಿಂದ, ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆದುಕೊಂಡು ತಿಂದಳು. ಪ್ಲೇಟ್ ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು. ನಾವು ಮೂವರೂ ಚಹಾ ಆರಲು ಬಿಟ್ಟು ನೋಡುತ್ತ ಕೂತಿದ್ದೆವು. ಇನ್ನೊಂದು ಹೇಳಲೇ ಎಂದು ಕಾಕಾ ಕೇಳಿದರು.

"ಹೇಳ್ರಿ ಕಾಕಾ," ಎಂದಳು.