ಹನ್ನೆರಡನೇ ರೀಲು

ಆಪರೇಟರಿಗೆ ಈಗ ಅರವತ್ತನಾಲ್ಕು. ಮೂವತ್ತೊಂದು ವರ್ಷ ಚಿತ್ರಮಂದಿರವೊಂದರ ಪ್ರೊಜೆಕ್ಟರ್ ಕೋಣೆಯಲ್ಲಿ ನಿಂತು ದುಡಿದವರು. ಆ ಚಿತ್ರಮಂದಿರ ಮುಚ್ಚಿ ಸೋಫಾ, ಮಂಚಗಳ ಗೋದಾಮಾಗಿದೆ. ಇವರು ಭಾವಮೈದುನನ ಜೆರಾಕ್ಸ್ ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಮತ್ತೆ ನಿಂತೇ ಇದ್ದಾರೆ. ಯಂತ್ರ ಬದಲಾಯಿತು, ಮಂಡಿನೋವು ಅದೇ.

ಒಂದು ಅಭ್ಯಾಸ ಮಾತ್ರ ಬಿಟ್ಟಿಲ್ಲ. ಟಿ.ವಿ.ಯಲ್ಲಿ ಯಾವ ಚಿತ್ರ ಬರಲಿ, ಅವರ ಕಣ್ಣು ಬಲಗಡೆಯ ಮೇಲಿನ ಮೂಲೆಗೇ ಹೋಗುತ್ತದೆ. ಆಗಿನ ಚಿತ್ರಗಳು ಹನ್ನೊಂದು ನಿಮಿಷಕ್ಕೊಂದರಂತೆ ರೀಲುಗಳಾಗಿ, ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದವು. ಒಂದು ರೀಲು ಮುಗಿಯಲು ಎಂಟು ಸೆಕೆಂಡಿರುವಾಗ ಆ ಮೂಲೆಯಲ್ಲಿ ಒಂದು ದುಂಡು ಚುಕ್ಕೆ ಮಿಂಚಿ ಮಾಯವಾಗುತ್ತದೆ. ಆಗ ಪಕ್ಕದ ಯಂತ್ರದ ಮೋಟಾರು ಹಾಕಬೇಕು. ಎರಡನೇ ಚುಕ್ಕೆ ಕಂಡ ಕೂಡಲೇ ಬೆಳಕನ್ನು ಈ ಯಂತ್ರದಿಂದ ಆ ಯಂತ್ರಕ್ಕೆ ಬದಲಿಸಬೇಕು. ಕಣ್ಣು ಆಚೆ ಈಚೆ ಹೋದರೆ ತೆರೆಯೆಲ್ಲ ಬೆಳ್ಳಗೆ, ಕೆಳಗಿನಿಂದ ಶಿಳ್ಳೆ. "ಎಷ್ಟು ಸಿನಿಮಾ ನೋಡಿದ್ದೀರಪ್ಪಾ!" ಎಂದು ಯಾರಾದರೂ ಬೆರಗಾದರೆ ಅವರು, "ಮೂಲೆ ನೋಡಿದ್ದೀನಿ" ಎನ್ನುತ್ತಾರೆ.

ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಅವರು ಕೂರುವುದು ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸುತ್ತ ರಟ್ಟಿನ ಪೆಟ್ಟಿಗೆಗಳು, ಒಂದು ಕರೆಂಟಿನ ಕೆಟಲ್, ಮೂರು ಕುರ್ಚಿ. ಅಂಗಡಿಯ ಯಜಮಾನರನ್ನು ಎಲ್ಲರೂ ಕರೆಯುವುದು 'ಮಾತ್ರೆ' ಎಂದೇ. ಎರಡನೇ ಕುರ್ಚಿ ಮೇಷ್ಟ್ರದು. ಗಣಿತ ಕಲಿಸಿ ನಿವೃತ್ತರಾದ, ಎಪ್ಪತ್ತಮೂರರ ಹಿರಿಯರು. ಹಿಂದೆ ಇಲ್ಲೊಂದು ಫಿಲ್ಮ್ ಕ್ಲಬ್ ಇದ್ದಾಗ ಅದರ ಕಾರ್ಯದರ್ಶಿಯಾಗಿದ್ದರು. ಕ್ಲಬ್ಬಿನಲ್ಲಿ ಇನ್ನೂರು ಜನರಿದ್ದರು. ಅದರಲ್ಲಿ ವಾದ ಮಾಡುವವರಾಗಿ ಉಳಿದವರು ಇಬ್ಬರು, ಕೇಳುವವರು ಒಬ್ಬರು.

ವಾದಕ್ಕೆ ನಿಯಮಗಳಿದ್ದವು. ಲೋಕವೆಲ್ಲ ಒಪ್ಪಿದ ದೊಡ್ಡ ನಿರ್ದೇಶಕನನ್ನೇ ಆರಿಸಬೇಕು, ಸಣ್ಣವರನ್ನು ಬೈಯುವಂತಿಲ್ಲ. ಅವನ ಚಿತ್ರಗಳಲ್ಲಿ ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡದ್ದು 'ಊದಿದ್ದು', ಯಾರೂ ಗಮನಿಸದೆ ಮೂಲೆ ಸೇರಿದ್ದು 'ಹೂತಿದ್ದು'. ಆರು ಗಂಟೆಯೊಳಗೆ ತೀರ್ಮಾನವಾಗಬೇಕು. ಹೆಚ್ಚಿನವು ಆಗುತ್ತಿದ್ದವು. ಇಪ್ಪತ್ತೆರಡು ವರ್ಷದಿಂದ ಆಗದೇ ಉಳಿದದ್ದು ಒಂದೇ. ಆ ನಿರ್ದೇಶಕನ ಪಾತ್ರಗಳು ಬಾಯಿ ಬಿಡುವುದು ಅಪರೂಪವಾದ್ದರಿಂದ ಇವರು ಅವನಿಗಿಟ್ಟ ಹೆಸರು ಮೌನಿ. ಚಿತ್ರ, 'ಅರ್ಧ ಕೊಯ್ದ ಹಲಗೆ'.

"ಊದಿದ್ದು ಸಾರ್, ಬರೀ ಗಾಳಿ," ಎಂದರು ಮಾತ್ರೆ, ಆ ಭಾನುವಾರವೂ. "ಅಣ್ಣ 'ಸತ್ರೂ ನಿನ್ನ ಮುಖ ನೋಡಲ್ಲ' ಅಂತ ತಮ್ಮನ ಮುಖದ ಮೇಲೆ ಬಾಗಿಲು ಹಾಕ್ತಾನೆ. ಮುಂದಿನ ಸೀನಲ್ಲಿ ಇಬ್ರೂ ಸೇರಿ ಗರಗಸ ಎಳೀತಾ ಕೂತಿರ್ತಾರೆ. ಮಧ್ಯ ಏನಾಯ್ತು?"

"ಏನೂ ಆಗ್ಲಿಲ್ಲ ಕಣಯ್ಯಾ, ಅದೇ ಅದರ ಹೆಚ್ಚುಗಾರಿಕೆ," ಎಂದರು ಮೇಷ್ಟ್ರು. " ಕ್ಷಮಿಸೋಕೆ ವಿವರಣೆ ಬೇಕಾ? ಬೇರೆಯವನಾಗಿದ್ರೆ ಅಲ್ಲೊಂದು ಅಳು, ಒಂದು ಭಾಷಣ ತುರುಕ್ತಿದ್ದ."

"ಹಂಗಾದ್ರೆ ನಾನೂ ಜ್ವರ ಅಂತ ಬಂದೋರಿಗೆ ಮೊದಲ್ನೇ ದಿನದ ಮಾತ್ರೆ, ಕೊನೇ ದಿನದ ಮಾತ್ರೆ ಕೊಟ್ಟು, ಮಧ್ಯದ್ದು ನೀವೇ ಊಹಿಸ್ಕೊಳ್ಳಿ ಅಂತೀನಿ. ಜನ ಒದೀತಾರೆ ಮೇಷ್ಟ್ರೇ!"

"ಆಪರೇಟ್ರೇ, ನೀವು ಹೇಳಿ," ಎಂದು ಮೇಷ್ಟ್ರು ತಿರುಗಿದರು. ಪ್ರತಿ ಸಲವೂ ಹೀಗೆ ಕೇಳುತ್ತಿದ್ದರು. ಆಪರೇಟರ ಅಭಿಪ್ರಾಯ ಕೇಳುವ ಜಾಗ ಈ ಭೂಮಿಯ ಮೇಲೆ ಇದೊಂದೇ.

"ಫೋಕಸ್ ಚೆನ್ನಾಗಿತ್ತು," ಎಂದರು ಆಪರೇಟರು. ಇಬ್ಬರೂ ನಕ್ಕರು.

ಆಮೇಲೆ ಮೇಷ್ಟ್ರು ಚೀಲದಿಂದ ಒಂದು ಕಟ್ಟು ಹಾಳೆ ತೆಗೆದರು. ಆ ಚಿತ್ರದ ಹಳೆಯ ಪ್ರತಿಯನ್ನು ತೊಳೆದು, ಗೀರು ತೆಗೆದು ಹೊಸದು ಮಾಡಿದ್ದಾರಂತೆ. ಮುಂದಿನ ಭಾನುವಾರ ಹತ್ತು ಗಂಟೆಗೆ ಗ್ರಂಥಾಲಯದ ಸಭಾಂಗಣದಲ್ಲಿ ಪ್ರದರ್ಶನ. ಅದಕ್ಕೆ ಮೊದಲು ಮೇಷ್ಟ್ರ ಉಪನ್ಯಾಸ, ಅರ್ಧ ಗಂಟೆ. "ಹತ್ತು ವರ್ಷ ಆಯ್ತಪ್ಪ ನನ್ನನ್ನ ಯಾರಾದ್ರೂ ವೇದಿಕೆಗೆ ಕರೆದು. 'ಮಾತಿಲ್ಲದ ಕ್ಷಮೆ' ಅಂತ ಹೆಸರಿಟ್ಟಿದ್ದೀನಿ. ಹದಿನಾಲ್ಕು ಪುಟ. ನಲವತ್ತು ಪ್ರತಿ ತೆಗೆದುಕೊಡಿ ಆಪರೇಟ್ರೇ, ಬಂದೋರಿಗೆ ಹಂಚೋಣ."

ಆಪರೇಟರು ಹಾಳೆ ತೆಗೆದುಕೊಂಡರು. ಅವರ ಚಹಾ ಹಾಗೇ ಆರಿಹೋಯಿತು.

ಮಧ್ಯ ಏನಾಯಿತು ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಮಿಕ್ಕ ಇಬ್ಬರು ಆ ಚಿತ್ರ ನೋಡಿದ್ದು ಒಂದೇ ಸಲ, ಇಪ್ಪತ್ತೆರಡು ವರ್ಷದ ಹಿಂದೆ, ಕ್ಲಬ್ಬು ಅದನ್ನು ಇವರ ಚಿತ್ರಮಂದಿರದಲ್ಲಿ ತೋರಿಸಿದಾಗ. ಚಿತ್ರಕ್ಕೆ ಹದಿನೈದು ರೀಲು, ಒಟ್ಟು ನೂರ ಅರವತ್ತೈದು ನಿಮಿಷ. ಕ್ಲಬ್ಬಿನ ಆಟ ಒಂಬತ್ತೂವರೆಗೆ ಶುರುವಾಗಿ ಹನ್ನೆರಡೂಕಾಲಕ್ಕೆ ಮುಗಿಯಬೇಕಿತ್ತು. ಆಮೇಲೆ ಮಧ್ಯಾಹ್ನದ ಆಟಕ್ಕೆ ಟಿಕೆಟ್ ಕೊಂಡವರನ್ನು ಒಳಗೆ ಬಿಡಬೇಕು. ಆ ದಿನ ಆಟ ಶುರುವಾಗುವಾಗಲೇ ಒಂಬತ್ತು ನಲವತ್ತೊಂದಾಗಿತ್ತು. ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದು, "ಹನ್ನೆರಡೂಕಾಲಕ್ಕೆ ಹಾಲ್ ಖಾಲಿ ಇರ್ಬೇಕು, ಏನ್ ಮಾಡ್ತೀಯೋ ಗೊತ್ತಿಲ್ಲ" ಎಂದು ಹೇಳಿ ಹೋದ. ಹಿಂದಿನ ಸಂಜೆ ಪ್ರತಿ ಪರೀಕ್ಷಿಸುವಾಗ ಆಪರೇಟರು ಎಲ್ಲ ರೀಲುಗಳನ್ನೂ ಓಡಿಸಿ ನೋಡಿದ್ದರು. ಹನ್ನೆರಡನೆಯದರಲ್ಲಿ ಯಾರೂ ಬರುವುದಿಲ್ಲ, ಯಾರೂ ಹೋಗುವುದಿಲ್ಲ. ಅಣ್ಣ ತಮ್ಮ ಒಂದು ಬೆಂಚಿನ ಮೇಲೆ ಕೂತು ಹನ್ನೊಂದು ನಿಮಿಷ ಬರೀ ಮಾತಾಡುತ್ತಾರೆ, ಕೊನೆಗೆ ಅಣ್ಣ ಅಳುತ್ತಾನೆ. ಅದನ್ನು ಡಬ್ಬಿಯಲ್ಲೇ ಬಿಟ್ಟು ಹದಿಮೂರನೆಯದನ್ನು ಏರಿಸಿದರು. ಚುಕ್ಕೆಗೆ ಸರಿಯಾಗಿ ಬದಲಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಹನ್ನೆರಡೂಕಾಲಕ್ಕೆ ಹಾಲ್ ಖಾಲಿ.

ವಾದ ಶುರುವಾದ ಮೊದಲ ವಾರವೇ ಹೇಳಬಹುದಿತ್ತು. ಆಗ ಕೆಲಸದ ಭಯ. ಆಮೇಲೆ ಮೂರನೇ ಕುರ್ಚಿಯ ಆಸೆ. ಆಮೇಲೆ, ಇಷ್ಟು ದಿನ ಹೇಳದೇ ಇದ್ದದ್ದೇ ಹೇಳಲಾಗದ ಕಾರಣವಾಯಿತು.

ಮಂಗಳವಾರ ಅಂಗಡಿಯಲ್ಲಿ ಜನ ಕಡಿಮೆ. ಎಂಟು ಪುಟಗಳ ಪ್ರತಿ ತೆಗೆದಾಗಿತ್ತು. ಒಂಬತ್ತನೆಯದನ್ನು ಗಾಜಿನ ಮೇಲೆ ಕವುಚುವ ಮೊದಲು ಕಣ್ಣು ಬಿತ್ತು. ಮೇಷ್ಟ್ರ ದುಂಡನೆಯ ಅಕ್ಷರ: 'ಮುಚ್ಚಿದ ಬಾಗಿಲಿಗೂ ಗರಗಸಕ್ಕೂ ನಡುವೆ ನಿರ್ದೇಶಕ ಒಂದೇ ಒಂದು ಮಾತನ್ನೂ ಇಟ್ಟಿಲ್ಲ ಎಂಬುದನ್ನು ನೀವು ಈಗ ಸ್ವತಃ ನೋಡಲಿದ್ದೀರಿ.' ಆಪರೇಟರು ಯಂತ್ರ ನಿಲ್ಲಿಸಿದರು. ನೋಡಲಿದ್ದಾರೆ, ನಿಜ. ಮೇಷ್ಟ್ರು ಇದನ್ನು ಓದಿ ಇಳಿದು ಎರಡು ಗಂಟೆಯಾಗುವಷ್ಟರಲ್ಲಿ ಇಡೀ ಸಭೆ ನೋಡಲಿದೆ, ಕೈಯಲ್ಲಿ ಈ ಹಾಳೆ ಹಿಡಿದುಕೊಂಡೇ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರು. ಅವರು ಪೂರ್ತಿ ಕೇಳಿಸಿಕೊಂಡು, "ಹೇಳ್ಬಿಡಿ. ಮೇಷ್ಟ್ರಿಗೆ ಜನರ ಮುಂದೆ ಆಗೋ ಅವಮಾನ ನಿಮ್ಮ ಮುಂದೇನೇ ಆಗ್ಲಿ," ಎಂದರು.

"ಆಮೇಲೆ ಅಲ್ಲಿಗೆ ಹೋಗೋಕಾಗಲ್ಲ."

"ಭಾನುವಾರ ಮನೇಲಿರಿ. ಮನೇಲೂ ಕುರ್ಚಿ ಇವೆ. ಆದ್ರೆ ನನ್ನ ಅಭಿಪ್ರಾಯ ಬೇರೆ ಕೇಳ್ಬೇಕಾಗತ್ತೆ, ನೋಡ್ಕೊಳ್ಳಿ."

ಬುಧವಾರ ಮಧ್ಯಾಹ್ನ ಒಂದು ಗಂಟೆ ರಜೆ ಕೇಳಿ ಮೇಷ್ಟ್ರ ಮನೆಗೆ ಹೋದರು. ಎರಡನೇ ಮಹಡಿ, ಮೂವತ್ತಾರು ಮೆಟ್ಟಿಲು. ಎರಡು ಕಡೆ ನಿಂತು ಹತ್ತಬೇಕಾಯಿತು. ಮೇಷ್ಟ್ರು ಬಾಗಿಲು ತೆಗೆದರು. ಮೂಲ ಹಾಳೆಗಳನ್ನು ಮೇಜಿನ ಮೇಲಿಟ್ಟು ಆಪರೇಟರು ನಿಂತೇ ಹೇಳಿದರು. ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ.

ಮೇಷ್ಟ್ರು ಹಾಳೆಗಳಲ್ಲಿ ಒಂಬತ್ತನೇ ಪುಟವನ್ನು ಹುಡುಕಿ ತೆಗೆದರು.

"ಮಾತಾಡ್ತಾನಾ? ಹನ್ನೊಂದು ನಿಮಿಷಾನೂ?"

"ಹೌದು ಸಾರ್."

"ಅಳ್ತಾನೆ ಬೇರೆ."

"ಕೊನೇಲಿ."

"ಯಾಕೆ ಬಿಟ್ರಿ?"

"ಹೊತ್ತಾಗಿತ್ತು ಸಾರ್. ಮಧ್ಯಾಹ್ನದ ಆಟ ಇತ್ತು."

ಅಷ್ಟಕ್ಕೇ ನಿಲ್ಲಿಸಬೇಕೆಂದು ಆಪರೇಟರು ದಾರಿಯಲ್ಲೇ ತೀರ್ಮಾನಿಸಿದ್ದರು. ಆದರೆ ಎದುರಿಗಿದ್ದವರು ಗಣಿತದ ಮೇಷ್ಟ್ರು. ಒಂಬತ್ತನೇ ಪುಟದ ಅಂಚಿನಲ್ಲೇ ಪೆನ್ಸಿಲಿನಿಂದ ಬರೆದರು: ಒಂಬತ್ತೂವರೆ, ನೂರ ಅರವತ್ತೈದು, ಹನ್ನೆರಡೂಕಾಲು. "ಲೆಕ್ಕ ಸರಿಹೋಗ್ತಿದೆಯಲ್ಲ. ಆಟ ಯಾಕೆ ತಡ ಆಯ್ತು? ಒಂಬತ್ತು ಇಪ್ಪತ್ತಕ್ಕೆ ನಾನು ಪರಿಚಯ ಮಾಡೋಕೆ ನಿಂತೆ. ಹತ್ತು ನಿಮಿಷ ಅಂತ ಇತ್ತು..." ಪೆನ್ಸಿಲು ನಿಂತಿತು. "ನಾನು ಎಷ್ಟೊತ್ತು ಮಾತಾಡ್ದೆ?"

"ಒಳ್ಳೇ ಭಾಷಣ ಸಾರ್ ಅದು."

"ಎಷ್ಟೊತ್ತು ಆಪರೇಟ್ರೇ?"

"ಇಪ್ಪತ್ತೊಂದು ನಿಮಿಷ."

"ಯಾವುದರ ಬಗ್ಗೆ?"

"ಮೌನದ ಬಗ್ಗೆ ಸಾರ್."

ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಹಾಳೆಗಳ ಮೇಲಿಟ್ಟು, ಅಂಗೈಯಿಂದ ಎರಡೂ ಕಣ್ಣುಗಳನ್ನು ಒತ್ತಿಕೊಂಡರು. "ಮಾತಾಡೀ ಮಾತಾಡೀ ಸುಸ್ತಾಗತ್ತೆ ಕಣ್ರೀ," ಎಂದರು. "ಹೋಗಿ. ನಿಮಗೂ ಅಂಗಡಿಗೆ ಹೊತ್ತಾಯ್ತು."

ಕೂತ್ಕೊಳ್ಳಿ ಎಂದು ಅವರು ಹೇಳಲಿಲ್ಲ. ಮೂವತ್ತಾರು ಮೆಟ್ಟಿಲು ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು.

ಗುರುವಾರ, ಶುಕ್ರವಾರ ಸುದ್ದಿಯಿಲ್ಲ. ಶನಿವಾರ ಸಂಜೆ ಮಾತ್ರೆ ಜೆರಾಕ್ಸ್ ಅಂಗಡಿಗೆ ಬಂದು ಗಾಜಿನ ಮೇಲೆ ಮೊಣಕೈ ಊರಿದರು. "ನನ್ನ ಇಪ್ಪತ್ತೆರಡು ವರ್ಷ ಹಾಳು ಮಾಡಿದ್ರಲ್ರೀ! ನಾನು ಬೈದದ್ದು ಮೌನಿಗಲ್ಲ, ನಿಮಗೆ. ಮಧ್ಯದ ಮಾತ್ರೆ ನಿಮ್ಮ ಜೇಬಲ್ಲಿತ್ತು!"

"ಮೇಷ್ಟ್ರು ಏನಂದ್ರು?"

"ನಿಮಗೊಂದು ಸೀಟು ಹಿಡಿದಿಟ್ಟಿರು ಅಂದ್ರು."

ಭಾನುವಾರ ಗ್ರಂಥಾಲಯದಲ್ಲಿ ಅರವತ್ತು ಕುರ್ಚಿ ಹಾಕಿದ್ದರು, ಅರ್ಧ ತುಂಬಿದ್ದವು. ಮೇಷ್ಟ್ರು ಬರಿಗೈಯಲ್ಲಿ ವೇದಿಕೆ ಹತ್ತಿದರು. "ಈ ಚಿತ್ರವನ್ನು ನಾನು ಇನ್ನೂ ಪೂರ್ತಿ ನೋಡಿಲ್ಲ. ಹನ್ನೊಂದು ನಿಮಿಷ ಬಾಕಿ ಇದೆ, ಅದು ನನ್ನದೇ ತಪ್ಪು. ನೋಡಿದ ಮೇಲೆ ಮಾತಾಡೋಣ," ಎಂದು ಇಳಿದುಬಿಟ್ಟರು. ಸಂಘಟಕರು ಗಡಿಯಾರ ನೋಡಿಕೊಂಡರು. ಮೇಷ್ಟ್ರು ಬಂದು ಕೂತದ್ದು ಆಪರೇಟರ ಪಕ್ಕದಲ್ಲಿ.

ಆಪರೇಟರ ಕಣ್ಣು ಮೂಲೆಗೆ ಹೋಯಿತು. ಹನ್ನೊಂದು ನಿಮಿಷ ಕಳೆಯಿತು, ಚುಕ್ಕೆ ಬರಲಿಲ್ಲ. ಇಪ್ಪತ್ತೆರಡಾಯಿತು, ಇಲ್ಲ. ಗೀರುಗಳ ಜೊತೆ ಅದನ್ನೂ ಅಳಿಸಿಬಿಟ್ಟಿದ್ದರು. ಕಾಯುವುದಕ್ಕೆ ಏನೂ ಇಲ್ಲವೆಂದಾಗ ಕಣ್ಣು ನಿಧಾನವಾಗಿ ತೆರೆಯ ನಡುವಿಗೆ ಇಳಿಯಿತು. ಅಣ್ಣನ ಅಂಗಿಗೆ ಒಂದು ಗುಂಡಿ ಇರಲಿಲ್ಲ. ಅದನ್ನು ಅವರು ಆಗ ನೋಡಿರಲಿಲ್ಲ.

ಹನ್ನೊಂದನೇ ರೀಲಿನ ಕೊನೆಗೆ ಅಣ್ಣ ಬಾಗಿಲು ಹಾಕಿದ. ಆಪರೇಟರ ಬಲಗೈ ತಾನಾಗಿಯೇ ಮೇಲೆದ್ದಿತು, ಬೆಳಕು ಬದಲಿಸುವ, ಅಲ್ಲಿಲ್ಲದ ಸನ್ನೆಗೋಲಿಗೆ. ಮೇಷ್ಟ್ರು ಅದನ್ನು ನೋಡಿದರು. ತೆರೆಯ ಮೇಲೆ ಒಂದು ಬೆಂಚು ಬಂತು.

"ಇದೇನಾ?"

"ಇದೇ ಸಾರ್."

ಅಣ್ಣ ಮಾತಾಡತೊಡಗಿದ. ಮೇಷ್ಟ್ರು ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯಿಟ್ಟು ಕೇಳುತ್ತಾ ಕೂತರು. ಸ್ವಲ್ಪ ಹೊತ್ತಿನ ಮೇಲೆ, ಮುಖ ತಿರುಗಿಸದೆ, "ಸಂಜೆ ನಾಲ್ಕಕ್ಕೆ ಬನ್ನಿ," ಎಂದರು. "ಈ ಸಲ ಫೋಕಸ್ಸು ಗೀಕಸ್ಸು ಅನ್ನೋ ಹಾಗಿಲ್ಲ."