ಗುರುತಿಲ್ಲದ ಹನ್ನೊಂದು ಕಂಬ

ನನ್ನ ಅಮ್ಮನ ತಮ್ಮನಿಗೆ ಕೆಲಸದ ಜಾಗದಲ್ಲಿ ಇದ್ದ ಹೆಸರು ಟಣ್‌ಟಣ್ ಮೇಸ್ತ್ರಿ. ಹಳೆಯ ಕಟ್ಟಡಗಳ ಸೋತ ಕಾಂಕ್ರೀಟ್ ಕಂಬಗಳಿಗೆ ಕಾರ್ಬನ್ ನಾರಿನ ಕಪ್ಪು ಬಟ್ಟೆ ಸುತ್ತಿ, ಅಂಟು ಕುಡಿಸಿ ಬಲಪಡಿಸುವ ತಂಡ ಅವನದು. ಅಂಟು ಒಣಗಿದ ಮೇಲೆ ಮಾವನ ಸರದಿ. ನಾಣ್ಯ ಹಿಡಿದು ಅಂಗೈ ಅಗಲಕ್ಕೊಂದು ಸಲ ಕಂಬವನ್ನು ತಟ್ಟುತ್ತಾ ಹೋಗಬೇಕು. ಟಣ್ ಅಂದರೆ ಬಟ್ಟೆ ಗಟ್ಟಿಯಾಗಿ ಕಚ್ಚಿಕೊಂಡಿದೆ. ಡಬ್ ಅಂದರೆ ಹಿಂದೆ ಗಾಳಿ ಸಿಕ್ಕಿಕೊಂಡಿದೆ. ಡಬ್ ಅಂದಲ್ಲಿ ಸೀಮೆಸುಣ್ಣದ ಗುರುತು, ಗುರುತಿದ್ದಲ್ಲಿ ಸೂಜಿಯಿಂದ ಮತ್ತೆ ಅಂಟು. ಆಮೇಲೆ ಬಣ್ಣ ಬಳಿದುಬಿಟ್ಟರೆ ಒಳಗಿನದು ಯಾರಿಗೂ ಕಾಣದು. ಮಾವ ಸರಿ ಅಂದರೆ ಸರಿ.

ಅವನಿಗೆ ಮದುವೆ ಕೂಡಿಬರಲಿಲ್ಲ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಮಂಚ, ಒಂದು ಲೋಟ. ನಾನು ಹೋದಾಗ ಮೊದಲು ನಾನು ಚಹಾ ಕುಡಿದು, ಲೋಟ ತೊಳೆದು ಕೊಟ್ಟ ಮೇಲೆ ಅವನು ಕುಡಿಯುತ್ತಿದ್ದ. "ಇನ್ನೊಂದು ಲೋಟ ತಗೋಬಾರದಾ ಮಾವ?" ಅಂದರೆ, "ಆ ಲೋಟಕ್ಕೆ ಬೇಜಾರಾಗುತ್ತೆ, ತಿಂಗಳಿಗೊಂದು ದಿನ ಕೆಲಸ" ಅನ್ನುತ್ತಿದ್ದ. ಅಮ್ಮ ಹೋದ ಮೇಲೆ ಅವನಿಗೆ ತನ್ನವರು ಅಂತ ಇದ್ದವಳು ನಾನೊಬ್ಬಳೇ.

ಐದು ತಿಂಗಳ ಹಿಂದೆ ಒಂದು ಸಂಜೆ ಹೋಗಿ ಬಾಗಿಲು ಬಡಿದೆ. ಒಳಗೆ ದೀಪ ಉರಿಯುತ್ತಿತ್ತು, ಹೊರಗೆ ಅವನ ಚಪ್ಪಲಿ ಇತ್ತು. ಗೆಣ್ಣು ನೋಯುವಷ್ಟು ಬಡಿದರೂ ತೆಗೆಯಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ. ಬೇಡವಾದರೆ ಬೇಡ ಎಂದು ಮುಖ ಊದಿಸಿಕೊಂಡು ಇಳಿದುಬಂದವಳು ಮತ್ತೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ತಾನಾಗಿ ಫೋನ್ ಮಾಡುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇಲ್ಲ.

ಹೋದ ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿದ್ದ.

"ಪುಟ್ಟಿ, ನಿನ್ನ ಕಿವಿ ಸ್ವಲ್ಪ ಬೇಕಿತ್ತು."

"ಈಗ ನನ್ನ ನೆನಪಾಯ್ತಾ?" ಎಂದೆ. ಅವನು ಆಗಲೇ ತಿರುಗಿ ರಸ್ತೆಯ ಕಡೆ ಹೊರಟಿದ್ದ. ಎಂಥ ಜಂಬ ಅಂದುಕೊಂಡೆ.

ದಾರಿಯಲ್ಲಿ ಹೇಳಿದ. ಹಳೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹನ್ನೊಂದು ಕಂಬ. ಎಲ್ಲವನ್ನೂ ತಟ್ಟಿದ, ಒಂದು ಗುರುತೂ ಬೀಳಲಿಲ್ಲ. "ಎಲ್ಲರೂ ಬೆನ್ನು ತಟ್ಟಿದ್ರು. ಹದಿನೆಂಟು ವರ್ಷದಲ್ಲಿ ಒಂದೂ ಡಬ್ ಅನ್ನದ ಕೆಲಸ ನಾನು ಕಂಡಿಲ್ಲ ಪುಟ್ಟಿ. ನಾಳೆ ಬಣ್ಣ ಹೊಡೀತಾರೆ. ಮೇಲೆ ನಾಲ್ಕು ಮಹಡಿ ಪುಸ್ತಕ, ಓದೋ ಜನ."

ನೆಲಮಾಳಿಗೆ ಖಾಲಿಯಿತ್ತು. ಅವನು ತಟ್ಟಿದ, ನಾನು ಕಣ್ಣು ಮುಚ್ಚಿ ಕೇಳಿದೆ. ಮೊದಲ ಕಂಬ ಪೂರ್ತಿ ಟಣ್. ಎರಡನೆಯದರಲ್ಲಿ ಮೊಣಕಾಲಿನ ಎತ್ತರಕ್ಕೆ ಸದ್ದು ಸತ್ತಿತು.

"ಇಲ್ಲಿ ಮಾವ."

ಕೇಳಿಸಲಿಲ್ಲ. ಮುಂದಕ್ಕೆ ತಟ್ಟುತ್ತಲೇ ಹೋದ. ಕೈ ಹಿಡಿದು ನಿಲ್ಲಿಸಿದೆ. ಅದೇ ಜಾಗವನ್ನು ಮತ್ತೆ ತಟ್ಟಿದ, ಪಕ್ಕದಲ್ಲಿ ತಟ್ಟಿದ, ಕಂಬಕ್ಕೆ ಕಿವಿಯಿಟ್ಟು ತಟ್ಟಿದ. "ನಂಗೆ ಎರಡೂ ಒಂದೇ ಥರ" ಎಂದು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟ. ಮುಗಿಯುವ ಹೊತ್ತಿಗೆ ಇಪ್ಪತ್ಮೂರು ಗುರುತು ಬಿದ್ದಿದ್ದವು. ಆ ಬಾಗಿಲು ನೆನಪಾಗಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅವನು ಹೇಳಿದಂತೆ ನಾನೇ ಆ ಕೆಲಸದ ಉಸ್ತುವಾರಿಯ ಎಂಜಿನಿಯರಮ್ಮನಿಗೆ ಫೋನ್ ಮಾಡಿದೆ. ರಜೆಯಾದರೂ ಬಂದರು. ಗುರುತುಗಳನ್ನು ನೋಡುತ್ತಾ ಹನ್ನೊಂದು ಕಂಬವನ್ನೂ ಸುತ್ತಿದರು.

"ಯಾವಾಗಿಂದ ಹೀಗೆ ಮೇಸ್ತ್ರಿ?" ಎರಡು ಸಲ ಕೇಳಬೇಕಾಯಿತು.

"ಗೊತ್ತಿಲ್ಲಮ್ಮ. ಇಲ್ಲಿ ಮಶೀನ್ ಸದ್ದಿಗೆ ಎಲ್ಲರೂ ಕೈಸನ್ನೆಲೇ ಮಾತಾಡ್ತೀವಿ. ಮನೇಲಿ ಮಾತಾಡ್ಸೋರಿಲ್ಲ. ಯಾರಾದ್ರೂ ಇದ್ದಿದ್ರೆ ಹೇಳ್ತಿದ್ರು, ನಿಂಗೆ ಕಿವಿ ಕೇಳ್ತಿಲ್ಲ ಅಂತ." ನಾಣ್ಯವನ್ನು ಅವರ ಅಂಗೈಯಲ್ಲಿಟ್ಟ. "ಹಿಂದಿನ ಎರಡು ಕಟ್ಟಡಾನೂ ಇನ್ಯಾರ ಕೈಲಾದ್ರೂ ತಟ್ಟಿಸಿಬಿಡಿ."

ನಾಣ್ಯವನ್ನು ಅವರು ವಾಪಸು ಕೊಡಲಿಲ್ಲ. ಕೊಡಬಾರದಿತ್ತು ಕೂಡ.

ಮೆಟ್ಟಿಲು ಹತ್ತುವಾಗ ಮಾವ ಹಿಂತಿರುಗದೆಯೇ ಹೇಳಿದ: "ನೀನೂ ಬರೋದು ಬಿಟ್ಟೆ. ನಾನೇನು ತಪ್ಪು ಮಾಡಿದ್ನೋ ಅಂತ ದಿನಾ ಯೋಚಿಸ್ತಿದ್ದೆ."

"ಬಂದಿದ್ದೆ ಮಾವ. ಬಾಗಿಲು ಬಡಿದೆ."

ಅವನು ಹತ್ತುತ್ತಲೇ ಇದ್ದ. ಓಡಿಹೋಗಿ ಅವನ ಮುಂದೆ ನಿಂತು, ಅದನ್ನೇ ಇನ್ನೊಮ್ಮೆ ಜೋರಾಗಿ ಹೇಳಿದೆ.